ಎಂಟು ಅಂಕಿ

ಕುತೈಸಿಯ ಪೇಟೆಯಲ್ಲಿ ಮೂರು ಅಂಗಡಿ ಹತ್ತಿಳಿದು
ನಾಲ್ಕನೆಯದರಲ್ಲಿ ಕೊಂಡೆ. ಹನ್ನೆರಡು ಕಂತು.
"ಎಷ್ಟು ಜಿಬಿ ಬೇಕು?" ಅಂದ ಹುಡುಗ.
ನಾನು ಕೇಳಿದ್ದು: ಈ ಮುಚ್ಚಳ
ಎಷ್ಟು ಸಲ ತೆಗೆದು ಮುಚ್ಚಿದರೆ ಸಡಿಲಾಗುತ್ತೆ?
ಅವನಿಗೆ ಗೊತ್ತಿರಲಿಲ್ಲ.
ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವನ ಹತ್ತಿರ
ವ್ಯಾಪಾರ ಮಾಡಬಹುದು.

ಲಿಫ್ಟು ನಾಣ್ಯ ನುಂಗಿತು, ಏರಲಿಲ್ಲ.
ಲ್ಯಾಪ್‌ಟಾಪನ್ನು ಬಿಸಿ ರೊಟ್ಟಿಯ ಹಾಗೆ ಎದೆಗವಚಿಕೊಂಡು
ನಾಲ್ಕು ಮಹಡಿ ಹತ್ತಿದೆ.

ಮರುದಿನ ಬಂದ ಬಾದ್ರಿ, ಕಂಪನಿಯವನು.
ಗೋಡೆ ಕೊರೆದ; ಸುಣ್ಣ ಉದುರಿ
ಒಲೆಯ ಮೇಲಿದ್ದ ಪ್ಲಮ್ಮಿನ ಗೊಜ್ಜಿಗೆ ಬಿತ್ತು.
ನಾನು ಕೇಳಿದೆ: ಇಪ್ಪತ್ತೇಳು ವರ್ಷ
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು
ಈ ಊರಿನ ಮಾತನ್ನೆಲ್ಲ ಬೆರಳಲ್ಲಿ ಹಿಡಿದು
ತೂತಿನಿಂದ ತೂತಿಗೆ ಸಿಕ್ಕಿಸಿದವಳಪ್ಪ ನಾನು;
ತಂತಿಯೇ ಇಲ್ಲದೆ ಮಾತು
ಏನನ್ನು ಹಿಡಿದುಕೊಂಡು ನಡೆಯುತ್ತೆ?
"ಗಾಳಿಯಲ್ಲೇ, ಚಿಕ್ಕಮ್ಮ," ಅಂದ,
ಗೊಜ್ಜಿನಿಂದ ಸುಣ್ಣ ಎತ್ತಿಹಾಕುತ್ತ.

ತೆರೆದರೆ, ಪರದೆಯಲ್ಲಿ ಇಡೀ ಕಟ್ಟಡ
ಬಾಗಿಲಿಗೆ ಬಂದು ನಿಂತಿತ್ತು.
ಹಲ್ಲಿನ ಡಾಕ್ಟರು ತನ್ನ ನಾಯಿಯ ಹೆಸರಿಟ್ಟಿದ್ದಾನೆ.
ಮೂಲೆಮನೆಯ ಹೊಸ ದಂಪತಿ: 'ದುಡ್ಡು ಕೊಟ್ಟು ತಗೊಳ್ಳಿ.'
ಇನ್ನೊಂದು ಬರೀ ಅಂಕಿ. ಹೆಸರಿಡುವ ಮೊದಲೇ
ಊರು ಬಿಟ್ಟವರದಿರಬೇಕು.

"ನಿಮ್ಮದಕ್ಕೆ?"
ಬಾಯಿಗೆ ತಾನಾಗಿ ಬಂತು: 'ಮೇಲಿಂದ ಸೋರಿದ ನೀರು.'

ಬಾದ್ರಿ ತಲೆಯೆತ್ತಿ ನೋಡಿದ. ಕಲೆ ಇನ್ನೂ ಇತ್ತು,
ಸೀದ ಮೊಟ್ಟೆಯ ಅಂಚಿನ ಬಣ್ಣ.
ಮೇಲಿನ ಮನೆಯ ತ್ಸಿಯಾಲ
ಬಟ್ಟೆ ಒಗೆಯುವ ಮಿಷನ್ನು ಹಾಕಿ, ಬೀಗವನ್ನೂ ಹಾಕಿ
ಯಾರದೋ ಮದುವೆಗೆ ಹೋಗಿದ್ದಳು ಆ ದಿನ.
ಹಿಟ್ಟಿನ ಮೂಟೆ ಹೋಯಿತು. ಹಾಸಿಗೆ ಹೋಯಿತು.
ಎಕ್ಸ್‌ಚೇಂಜಿನವರೆಲ್ಲ ಸಾಲಾಗಿ ಕೂತ ಫೋಟೋ ಹೋಯಿತು;
ಅದರಲ್ಲಿ ಅವಳದು ನನ್ನ ಪಕ್ಕದ ಕುರ್ಚಿ,
ಇಬ್ಬರ ಮುಖವೂ ನೆಂದು
ಒಂದೇ ಮುಖವಾಗಿ ಹರಡಿಕೊಂಡಿತ್ತು.
"ಪೈಪು ಹಳೇದು, ನಾನೇನು ಮಾಡಲಿ?" ಅಂದಳು. ಅಷ್ಟೇ.
ತಪ್ಪಾಯಿತು ಅನ್ನುವ ಒಂದು ಮಾತಿಗೆ
ಹದಿಮೂರು ವರ್ಷ ಕಾದಿದ್ದೇನೆ.
ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ
ಕೈಚೀಲದಲ್ಲಿ ಏನನ್ನೋ ಹುಡುಕುತ್ತೇವೆ.

"ಪಾಸ್‌ವರ್ಡು, ಚಿಕ್ಕಮ್ಮ. ಎಂಟಕ್ಕೆ ಕಡಿಮೆ ಇರಬಾರದು.
ನಿಮಗೆ ಮರೆತುಹೋಗದಂಥದ್ದು."
ಮರೆತುಹೋಗದ್ದು!
ಒಂದು ಒಂಬತ್ತು, ಸೊನ್ನೆ ಮೂರು,
ಎರಡು ಸೊನ್ನೆ ಒಂದು ಒಂದು.
ಬೆರಳು ಮಡಚಿ ಎಣಿಸಿದೆ. ಸರಿಯಾಗಿ ಎಂಟು,
ಅಳತೆ ಕೊಟ್ಟು ಹೊಲಿಸಿದ ಹಾಗೆ.

ಹೋಗುವಾಗ ಹೇಳಿದ: ಗೋಡೆ ದಪ್ಪ,
ನಿಮ್ಮ ಮಲಗುವ ಕೋಣೆಗೆ ಅಷ್ಟಕ್ಕಷ್ಟೇ.
ಮೇಲಿನ ಮನೆಗೆ ಬೇಕಾದರೆ ಪೂರ್ತಿ ಸಿಕ್ಕೀತು.
ಸರಿ ಬಿಡು. ನೀರು ಇಳಿದ ದಾರಿಯಲ್ಲೇ
ಇದು ಏರುತ್ತದೆ.

ಒಂಬತ್ತನೇ ದಿನ, ಬಾದ್ರಿ ತೋರಿಸಿಕೊಟ್ಟ ಪುಟ ತೆರೆದು
ಸುಮ್ಮನೆ ಕಣ್ಣಾಡಿಸುತ್ತಿದ್ದೆ.
ಸೇರಿರುವ ಯಂತ್ರಗಳು: ಎರಡು.
ಒಂದು ನನ್ನದು.
ಇನ್ನೊಂದು ಯಾವುದೋ ಫೋನು.

ಆ ತಾರೀಖು ನೆನಪಿಟ್ಟವರು
ಈ ಭೂಮಿಯ ಮೇಲೆ ನಾನು ಬಿಟ್ಟರೆ ಒಬ್ಬಳೇ.
ಹಾಗಾದರೆ ಅವಳಿಗೂ.
ಇಷ್ಟು ವರ್ಷ, ಅವಳಿಗೂ.

ಪಕ್ಕದಲ್ಲೇ ಕೆಂಪು ಗುಂಡಿ: 'ತೆಗೆದುಹಾಕು.'
ಬೆರಳು ಅದರ ತನಕ ಹೋಯಿತು, ಸುಳ್ಳೇಕೆ.
ಆದರೆ ಕೆಲಸದ ಮೊದಲ ದಿನ ಕಲಿತ ಪಾಠ:
ಆ ಕಡೆ ಯಾರೋ ಇರುವಾಗ ತಂತಿ ಕೀಳಬಾರದು.
ಕಲಿಸಿದವಳೂ ಅವಳೇ.

ಈಗ ರಾತ್ರಿ ಒಂಬತ್ತಕ್ಕೆ ಚಾವಣಿಯಿಂದ
ಟರ್ಕಿಯ ಧಾರಾವಾಹಿ ಕೇಳುತ್ತದೆ.
ನಿನ್ನೆ, ಹೆಂಡತಿ ಪತ್ರ ಒಡೆಯುವ ಹೊತ್ತಿಗೆ ಸರಿಯಾಗಿ
ದನಿ ತೊದಲಿ ನಿಂತುಬಿಟ್ಟಿತು.
ಮೇಲೆ ಕುರ್ಚಿ ಎಳೆದ ಸದ್ದು. ನಿಟ್ಟುಸಿರು ಕೂಡ,
ಅಥವಾ ನನ್ನದೇ ಇರಬಹುದು.
ಎದ್ದು ಹೋಗಿ
ಆ ಡಬ್ಬಿಗೆ ಅಡ್ಡವಾಗಿದ್ದ ತಾಮ್ರದ ಪಾತ್ರೆಯನ್ನು
ಒಂದು ಗೇಣು ಪಕ್ಕಕ್ಕೆ ಸರಿಸಿದೆ.
ಮೇಲೆ ಅಳು ಮುಂದುವರಿಯಿತು.

ಕಳಪೆ ಕಥೆ. ನಾನು ಆಗಲೇ ಕೊನೆಯವರೆಗೂ ನೋಡಿದ್ದೇನೆ:
ಸತ್ತವನು ಸತ್ತಿಲ್ಲ, ಮುಂದಿನ ವಾರ ಬರುತ್ತಾನೆ.
ನಾನೇನೂ ಹೇಳಲು ಹೋಗುವುದಿಲ್ಲ.