ಅಕ್ಕೋರ ಗಂಡ

ಸಾಗರದ ಉಪಖಜಾನೆಯ ಕಿಟಕಿಗೆ
ಇದು ನಾಲ್ಕನೇ ಸಲ ತಲೆ ಬಗ್ಗಿಸಿದ್ದು.
ಕಿಟಕಿ ಇಟ್ಟವನು ಗಿಡ್ಡ ಇದ್ದನೋ,
ನಾವು ಬಗ್ಗಲಿ ಅಂತಲೇ ಇಟ್ಟನೋ.

ಅರ್ಜಿಯಲ್ಲಿ ಅಚ್ಚಾಗಿದೆ:
ಮೃತ ನೌಕರನ ವಿಧವೆಯ ಹೆಸರು.
ಎರಡನ್ನೂ ಹೊಡೆದು ಮೇಲೆ ಬರೆದೆ:
ಚೂಡಾಮಣಿ, ಸಹಶಿಕ್ಷಕಿ, ಇಪ್ಪತ್ತೊಂಬತ್ತು ವರ್ಷ ಸೇವೆ.
ಕೆರಿಯಪ್ಪ, ಗಂಡ, ಸೈಕಲ್ ಶಾಪು.

"ಗಂಡಸಾಗಿ ಹೆಂಡ್ತಿ ಪಿಂಚಣಿಗೆ ಬಂದ್ರಾ?"
ಕೇಳಿದ್ದು ಗುಮಾಸ್ತನಲ್ಲ, ನನ್ನ ಹಿಂದೆ ನಿಂತವನು.
ಗುಮಾಸ್ತ ಪಾಪ ಒಳ್ಳೆಯವನು, ಕೇಳಿದ್ದು ಇಷ್ಟೇ:
ನೀವು ಅವರ ಅವಲಂಬಿತರು ಅನ್ನೋದಕ್ಕೆ
ಏನಾದರೂ ದಾಖಲೆ ಇದೆಯಾ?

ದಾಖಲೆ.
ಹೊಳೆಬಾಗಿಲ ದಡದಲ್ಲಿ ಬೆಳಗಿನ ಲಾಂಚು
ಮಂಜಿನೊಳಗಿಂದ ಹಾರನ್ ಹೊಡೆಯುವಾಗ
ಸೈಕಲ್ ಕ್ಯಾರಿಯರಿನಿಂದ ಜಿಗಿದು
ಸೆರಗು ಬಿಗಿದು ಓಡುತ್ತಿದ್ದಳು, ಡಬ್ಬಿ ಮರೆತು.
ಡಬ್ಬಿ ಹಿಡಿದು ಹಿಂದೆ ನಾನು.
ಅದರೊಳಗಿನ ಅನ್ನ ನಾನು ಬೇಯಿಸಿದ್ದು,
ಅಕ್ಕಿ ಅವಳ ಸಂಬಳದ್ದು.
ಯಾರು ಯಾರನ್ನು ಅವಲಂಬಿಸಿದ್ದು ಸ್ವಾಮಿ,
ಇದಕ್ಕೆ ತಹಶೀಲ್ದಾರರ ಸೀಲು
ಎಲ್ಲಿ ಒತ್ತಿಸಿಕೊಂಡು ಬರಲಿ?

ಹೊಳೆಯಾಚೆ ಊರಲ್ಲಿ ನನಗೆ ಹೆಸರೇ ಇರಲಿಲ್ಲ.
ಅಕ್ಕೋರ ಗಂಡ ಬಂದ, ಅಕ್ಕೋರ ಗಂಡಂಗೆ ಚಾ ಕೊಡು.
ಆಗ ಯಾರೂ ದಾಖಲೆ ಕೇಳಲಿಲ್ಲ.
ತಿಂಗಳು ತಿಂಗಳು ಅವಳ ಸಂಬಳದಲ್ಲಿ ಹಿಡಿದುಕೊಳ್ಳುವಾಗ
ಇವಳು ಹೆಂಗಸು, ಅರ್ಧ ಹಿಡಿಯೋಣ ಅಂತ
ಸರ್ಕಾರಕ್ಕೂ ಅನ್ನಿಸಲಿಲ್ಲ.

ಮರುಮದುವೆ ಆಗಿಲ್ಲ ಅಂತ ಇನ್ನೊಂದು ಕಾಗದ.
ಗ್ರಾಮ ಲೆಕ್ಕಿಗ ನನ್ನ ಮೊಣಕಾಲು ನೋಡಿ
ನಕ್ಕು ಸಹಿ ಹಾಕಿದ.
ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ
ಯಾಕೋ ಕಿಟಕಿ ಕಡೆ ತಿರುಗಿ ಕೂತೆ.

"ಕಾಲಂ ಇರೋದು ವಿಧವೆ ಅಂತ. ನಿಮಗೆ ಏನಂತ ಬರೀಲಿ?"
ವಿಧುರ, ಅಂದೆ.
"ಅಂಥ ಪದ ಇದೆಯಾ?"
ಇದೆ. ನಾಲ್ಕನೇ ಕ್ಲಾಸು, ಲಿಂಗ ಬದಲಿಸಿ ಬರೆಯಿರಿ:
ಅರಸ, ಅರಸಿ. ಹೋರಿ, ಹಸು. ವಿಧವೆ, ವಿಧುರ.
ಕರೆಂಟು ಹೋದ ರಾತ್ರಿ ಲಾಟೀನು ನಡುವೆ ಇಟ್ಟುಕೊಂಡು
ನಲವತ್ತು ಕಾಪಿ ಅವಳಿಗೆ, ಇಪ್ಪತ್ತು ನನಗೆ,
ಕೆಂಪು ಪೆನ್ನು ಒಂದೇ, ಕೈ ಬದಲಾಗುತ್ತಿತ್ತು.
ಆ ಪದಕ್ಕೆ ಸಾವಿರ ಸಲವಾದರೂ ರೈಟು ಹಾಕಿದ್ದೇನೆ,
ಅದರೊಳಗೆ ಯಾರು ವಾಸ ಅಂತ ಕೇಳದೆ.

ಗುಮಾಸ್ತ ಬರೆದ: ವಿದುರ.
ಹೊಟ್ಟೆ ಸೀಳಲಿಲ್ಲ.
ಪಾಂಡವರ ಚಿಕ್ಕಪ್ಪನಾಗಿ ಕಾಲಂನಲ್ಲಿ ಕೂತೆ.

ಸಾರ್, ಒಂದಕ್ಷರ, ಅಂದೆ.
"ನಡೆಯುತ್ತೆ ಬಿಡ್ರೀ."
ನಡೆಯಲ್ಲ ಸಾರ್. ಅವಳಾಗಿದ್ದರೆ
ಹತ್ತು ಸಲ ಬರೆಸುತ್ತಿದ್ದಳು.

ನನ್ನನ್ನೊಮ್ಮೆ ನೋಡಿ
ಕಿಟಕಿಯ ಕೆಳಸಂದಿಯಿಂದ ಪೆನ್ನು ತಳ್ಳಿದ.
ನೀಲಿ ಪೆನ್ನು.
ಹೊಟ್ಟೆ ನಾನೇ ಸೀಳಿದೆ.

ಸೋಮವಾರ ಬನ್ನಿ, ಅಂದ.