ಇಳಿತದ ಹೊತ್ತಿನ ಅಂಕಣ

ಅಮಾವಾಸ್ಯೆಯ ಸಂಜೆ ಐದಕ್ಕೆ
ಕಡಲು ನಮಗಾಗಿ ಅಲ್ಲ, ತನ್ನ ಪಾಡಿಗೆ ಹಿಂದೆ ಸರಿಯುತ್ತದೆ.
ಮಾಜಾಳಿಯ ಒದ್ದೆ ಮರಳು ಆಗ ಹಾಸುಗಲ್ಲಿನಷ್ಟು ಗಟ್ಟಿ,
ಬಿದ್ದರೆ ಮಾತ್ರ ಮೆತ್ತಗೆ.
ನಾನು ಹಿಮ್ಮಡಿಯಲ್ಲಿ ಗೆರೆ ಎಳೆಯುತ್ತೇನೆ.
ನಲವತ್ತು ವರ್ಷದಿಂದ ಇದೇ ಹಿಮ್ಮಡಿ, ಬಲಗಾಲಿನದು;
ಎಡಗಾಲಲ್ಲಿ ಎಳೆದರೆ ಗೆರೆ ಕುಡಿದವನ ಹಾಗೆ ನಡೆಯುತ್ತದೆ.

ಅಳತೆ ಟೇಪು ಇಲ್ಲ. ಉದ್ದ ಹದಿನಾರು ಹೆಜ್ಜೆ, ಅಗಲ ಹನ್ನೆರಡು.
ನನ್ನ ಮೊಣಕಾಲು ಹಿಡಿದ ಮೇಲೆ ಅಂಕಣವೂ ತುಸು ಸಣ್ಣದಾಗಿದೆ.
ಯಾರೂ ಹೇಳುವುದಿಲ್ಲ.

ಹುಡುಗರು ಬರುತ್ತಾರೆ, ಬೆನ್ನ ಮೇಲೆ ಬಾರ್ಸಿಲೋನಾ, ಅರ್ಜೆಂಟೀನಾ,
ಒಂದೇ ತಂಡದಲ್ಲಿ ಮೂವರು ಹತ್ತನೇ ನಂಬರು.
ರಾತ್ರಿಯೆಲ್ಲ ಫೋನಿನಲ್ಲಿ ಯಾವುದೋ ದೇಶದ ಹುಲ್ಲು ನೋಡಿ ಕಣ್ಣು ಕೆಂಪು.
ಬೈಯುವುದಿಲ್ಲ. ನಾನೂ ನೋಡಿದ್ದೇನೆ, ಹುಲ್ಲು ಚೆಂದವೇ ಇದೆ.
ಆದರೆ ಅದರ ಮೇಲೆ ಬಿದ್ದವನನ್ನು ಎತ್ತಲು
ನನ್ನ ಕೈ ಎಟಕುವುದಿಲ್ಲ.

ಟಿವಿಯ ಕಬಡ್ಡಿಗೆ ಮೂವತ್ತು ಸೆಕೆಂಡು.
ನಮ್ಮದು ಹುತುತು, ಗಡಿಯಾರ ಎದೆಯೊಳಗೆ.
ಬಂಡೆಗಂಟಿದ ಕಲ್ವ ಕೀಳಲು ಮುಳುಗುತ್ತಿದ್ದ ಉಸಿರಲ್ಲೇ
ಜಟ್ಟಪ್ಪ ಹರಿಕಂತ್ರ ಗೆರೆ ದಾಟುತ್ತಿದ್ದ.
ಒಮ್ಮೆ ಆರು ಮಂದಿಯನ್ನು ಮುಟ್ಟಿ ಹೊರಳಿ ಬಂದು
ನಡುಗೆರೆಯ ಮೇಲೆ ಕೂತು ಸನ್ನೆಯಲ್ಲೇ ಬೀಡಿ ಕೇಳಿದ,
ಹುತುತು ನಿಲ್ಲಿಸದೆಯೇ.
ಸುಳ್ಳಿರಬಹುದು. ಹೇಳಿದವನು ಜಟ್ಟಪ್ಪನೇ.

ಈ ಸಲ ಒಬ್ಬ ಕಡಿಮೆ ಬಿದ್ದ.
ಬೋಟಿನ ಕೆಲಸಕ್ಕೆ ಬಂದ ಬಂಗಾಳದ ಹುಡುಗ
ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ.
ಬಂದು ಏಳು ತಿಂಗಳು, ಊರಿಗೆ ಅವನ ಹೆಸರು ‘ಏಯ್’.
ಕೈ ಬೀಸಿ ಕರೆದೆ. ಗೆರೆ ನೋಡಿ ನಕ್ಕ. ಲುಂಗಿ ಬಿಗಿದ.
ಮರಳು ಮುಟ್ಟಿ ಹಣೆಗೊತ್ತಿಕೊಂಡು ನುಗ್ಗಿದ:

ಹಾಡುಡು ಹಾಡುಡು ಹಾಡುಡು

ಇದೆಂಥದು ಮಾರಾಯ?
ಫೌಲು, ಅಂದ ತಾಂಡೇಲರ ಪ್ರಣಯ್, ಹುತುತು ಅನ್ನಬೇಕು.
ಎಲ್ಲರೂ ನನ್ನ ಕಡೆ ನೋಡಿದರು.
ಸೀಟಿ ಇಲ್ಲದ ಅಂಪೈರು ನಾನು.
ಉಸಿರು ಮುರಿಯಿತಾ? ಕೇಳಿದೆ.
ಇಲ್ಲ.
ಮತ್ತೇನು?

ಅಷ್ಟರಲ್ಲಿ ಅವನು ಇಬ್ಬರನ್ನು ಮುಟ್ಟಿಯಾಗಿತ್ತು.
ಮೂರನೆಯವನು ಕಾಲು ಹಿಡಿದ, ನಾಲ್ವರು ಮೇಲೆ ಬಿದ್ದರು,
ಆ ಗುಡ್ಡೆಯ ಅಡಿಯಿಂದ ಸಣ್ಣಗೆ ಹಾಡುಡು ಹಾಡುಡು
ಏಡಿಯ ಬಿಲದಲ್ಲಿ ನೀರು ಗುಳುಗುಟ್ಟುವ ಹಾಗೆ.
ಆಮೇಲೆ ಒಂದು ಕೈ ಹೊರಬಂತು.
ಬೆರಳು. ಬೆರಳ ತುದಿ. ಗೆರೆ.

ಎದ್ದಾಗ ಬಾಯಿ ತುಂಬ ಮರಳು.
ಹೆಸರೇನೋ ನಿಂದು, ಯಾರೋ ಕೇಳಿದರು, ಮೊದಲ ಸಲ.
ಉಗಿದು ಹೇಳಿದ: ನಿಮಾಯ್.
ನಿಮ್ಮ ಆಯಿಯಾ? ಯಾರ ಆಯಿಯೋ?
ಹುಡುಗರು ಬಿದ್ದು ಬಿದ್ದು ನಕ್ಕರು, ಅರ್ಥವಾಗದೆ ಅವನೂ ನಕ್ಕ.

ಉಬ್ಬರ ಬಂದು ಒಂದು ಮೂಲೆ ನೆಕ್ಕಿತು, ಆಮೇಲೆ ಇನ್ನೊಂದು.
ಕಡೆಗೆ ಗೆರೆಯೇ ಇಲ್ಲದ ಅಂಕಣದಲ್ಲಿ, ಮೊಣಕಾಲು ನೀರಲ್ಲಿ,
ಔಟೋ ಅಲ್ಲವೋ ಎಂದು ಜಗಳ.
ನಾಳೆ ಇಳಿತ ಎಷ್ಟಕ್ಕೆ? ಪ್ರಣಯ್ ಕೇಳಿದ.
ಐದೂ ಮುಕ್ಕಾಲು, ಅಂದೆ.
ಅವನು ನಿಮಾಯ್‌ಗೆ ಐದು ಬೆರಳು ತೋರಿಸಿದ,
ಮುಕ್ಕಾಲಿಗೆ ಬೆರಳು ಸಿಗದೆ
ಕಡಲ ಕಡೆ ತೋರಿಸಿದ.