ಮೂಗಿಗಿಂತ ಮೂಗುತಿ

ಲೆಮ್‌ಸ್ಟರ್ ಊರಾಚೆಯ ಗ್ಯಾರೇಜಿನಲ್ಲಿ
ಲೆಕ್ಕ ಬರೆಯುವವಳು ನಾನು.
ಪ್ರಾಸರ್ ಗಾಡಿಯಡಿ ಮಲಗಿ ಕೂಗುತ್ತಾನೆ, ನಾನು ಗೀಚುತ್ತೇನೆ.

ಮಂಕು ಹಸಿರು ಬಣ್ಣ, ನೂರ ನಲವತ್ತು ಪೌಂಡು.
ತಳಕ್ಕೆ ಉಕ್ಕಿನ ಹಲಗೆ, ಎರಡು ಸಾವಿರದ ಮುನ್ನೂರು.
ಹಲಗೆಯ ಭಾರಕ್ಕೆ ಸ್ಪ್ರಿಂಗು ಕುಸಿಯಿತು: ಹೊಸ ಸ್ಪ್ರಿಂಗು.
ಇಷ್ಟು ಭಾರ ನಿಲ್ಲಿಸಲು ಹಳೆಯ ಬ್ರೇಕು ಸಾಲದು: ಬ್ರೇಕು.
ಇಂಜಿನ್ನು ಏದುಸಿರು ಬಿಡುತ್ತಿದೆ.
ಅದನ್ನು ಆಮೇಲೆ ನೋಡೋಣ.

ಗಾಡಿ ಕೊಂಡದ್ದು ಮೂರು ಸಾವಿರಕ್ಕೆ,
ಕುರಿ ಸಾಕುವ ಗ್ಲೆನಿಸ್ ಹತ್ತಿರ.
ಮೂಗಿಗಿಂತ ಮೂಗುತಿ ಭಾರ, ಅಂದೆ, ಕನ್ನಡದಲ್ಲೇ.
ಅಡಿಯಿಂದ ದನಿ: ಏನಂದೆ?
ಏನಿಲ್ಲ, ನೀನು ಹೇಳು.

ಸೀಟುಬೆಲ್ಟಿನ ಗಂಟೆಯ ತಂತಿ ಕತ್ತರಿಸಬೇಕು.
ಬಾಗಿಲು ತೆರೆದರೆ ಹತ್ತುವ ದೀಪದ್ದೂ.
ಹಿಂದೆ ಸರಿವಾಗ ಪೀಂಪೀಂ ಅನ್ನುತ್ತದಲ್ಲ, ಅದೂ.
ಐದು ನಿಮಿಷದ ಕೆಲಸ, ದುಡ್ಡು ಹಾಕಬೇಡ.

ಜೀವ ಉಳಿಯಲೆಂದು ಯಾರೋ ಇಟ್ಟ ಸದ್ದುಗಳು.
ಅಲ್ಲಿ ಜೀವ ಉಳಿಯಬೇಕಾದರೆ
ಇವು ಬಾಯಿ ಮುಚ್ಚಬೇಕಂತೆ.

ಮೂರು ಸಲ ತೊಳೆದರೂ ಕುರಿಯ ವಾಸನೆ ಹೋಗಿಲ್ಲ.
ಸೀಟಿನ ಸಂದಿಯಲ್ಲಿ ಮರಿಗೆ ಹಾಲೂಡುವ ರಬ್ಬರ್ ತೊಟ್ಟು
ಸಿಕ್ಕಿತು, ಮೇಜಿನ ಮೇಲಿಟ್ಟಿದ್ದೇನೆ.
ಯಾವ ಕಾಲಮ್ಮಿಗೂ ಸೇರದ್ದು.

ಕೀಲಿ ಕೊಡುವಾಗ ಗ್ಲೆನಿಸ್ ಹೇಳಿದ್ದಳು:
ಚಳಿಯಲ್ಲಿ ಒಂದೇ ಸಲಕ್ಕೆ ಏಳುವುದಿಲ್ಲ ಇದು,
ಕೀಲಿ ತಿರುಗಿಸಿ ಸ್ವಲ್ಪ ಕಾಯಿರಿ,
ಮತ್ತೆ ತಿರುಗಿಸಿ. ಬೈಯಬೇಡಿ.

ಪ್ರಾಸರ್,
ಆ ಕಾಯುವುದನ್ನು ತೆಗೆಸಲು ಎಷ್ಟಾಗುತ್ತದೆ?

ಗಾಡಿಯಡಿ ಸ್ಪ್ಯಾನರಿನ ಸದ್ದು ನಿಂತಿತು.
ಬೂಟುಗಳೆರಡು ಮಾತ್ರ
ಹೊರಗೆ ಕಾಣುತ್ತಿವೆ.